ನಾಲ್ಕು ಬಾಟಲಿಯ ಇಂಜೆಕ್ಟರ್ ಲೀಕ್ ಟೆಸ್ಟ್ ಕಿಟ್: ಹಳೆ ಡೀಸೆಲ್ ವ್ಯಾನ್ ಇಟ್ಟುಕೊಂಡವರಿಗೆ

ಹಳೆಯ ಡೀಸೆಲ್ ಮಿನಿವ್ಯಾನ್ ಓಡಿಸುವವರು ಒಂದೇ ಒಂದು ಟೆಸ್ಟಿಂಗ್ ಸಾಮಾನು ತಗೊಳ್ಳಬೇಕು ಅಂದರೆ ಯಾವುದು ತಗೊಳ್ಳಬೇಕು? ನನ್ನ ಉತ್ತರ ಈ ನಾಲ್ಕು ಬಾಟಲಿಯ ಕಿಟ್. ಗಾಡಿಯ ಕಂಪ್ಯೂಟರಿನಿಂದ ದೋಷದ ಕೋಡ್ ಓದುವ ಕೋಡ್ ರೀಡರ್ ಆಮೇಲೆ.

ಡಬ್ಬಿ ತೆರೆದರೆ ಒಳಗಿರುವುದು ಇಷ್ಟೇ. ಒಂದು ಪಟ್ಟಿಗೆ ಸಾಲಾಗಿ ಸಿಕ್ಕಿಸಿದ ನಾಲ್ಕು ಪ್ಲಾಸ್ಟಿಕ್ ಬಾಟಲಿ, ಪ್ರತಿಯೊಂದರ ಮೈಮೇಲೂ ಮಿಲಿಲೀಟರ್ ಗೆರೆ. ಒಳಗೆ ಹರಿಯುವುದು ಕಾಣುವಂಥ ನಾಲ್ಕು ಉದ್ದನೆಯ ಟ್ಯೂಬ್. ಸಿಲಿಂಡರಿಗೆ ಡೀಸೆಲ್ ಸಿಂಪಡಿಸುವ ಬೇರೆ ಬೇರೆ ಥರದ ಇಂಜೆಕ್ಟರ್‌ಗೆ ಕೂರುವ ಅಡಾಪ್ಟರ್‌ಗಳು. ಬಾನೆಟ್‌ಗೆ ನೇತು ಹಾಕಲು ಒಂದು ಕೊಕ್ಕೆ. ಬ್ಯಾಟರಿ ಇಲ್ಲ, ಸ್ಕ್ರೀನ್ ಇಲ್ಲ. ಇದರಿಂದ ಏನು ಗೊತ್ತಾದೀತು ಅಂತ ಮೊದಲು ಅನ್ನಿಸುತ್ತದೆ. ಆದರೆ ಯಾವ ಇಂಜೆಕ್ಟರ್ ಒಳಗೇ ಸೋರುತ್ತಿದೆ ಅನ್ನೋದನ್ನು ಇಷ್ಟು ನೇರವಾಗಿ ಕಣ್ಣಿಗೆ ತೋರಿಸುವ ಬೇರೆ ಸಾಮಾನನ್ನು ನಾನು ಬಳಸಿಲ್ಲ.

ನಮ್ಮದು ಸ್ಲೈಡಿಂಗ್ ಬಾಗಿಲಿನ ಹಳೆ ವ್ಯಾನ್. ನಾಲ್ಕು ಸಿಲಿಂಡರಿನ ಕಾಮನ್ ರೇಲ್ ಡೀಸೆಲ್ ಎಂಜಿನ್. ಅಮ್ಮನ ಗಾಲಿಕುರ್ಚಿ ಮಡಚದೆ ಹಾಗೇ ಒಳಗೆ ಹೋಗುತ್ತದೆ, ಪಕ್ಕದ ಬಾಗಿಲಲ್ಲಿ ಅಮ್ಮನನ್ನು ಎತ್ತಿ ಕೂರಿಸುವಾಗ ಬೆನ್ನು ಬಗ್ಗಿಸಬೇಕಿಲ್ಲ. ಹೊಸ ಗಾಡಿಗಳಲ್ಲಿ ಇಷ್ಟು ಅಗಲದ ಬಾಗಿಲು, ಇಷ್ಟು ತಗ್ಗಿನ ನೆಲ ಎರಡೂ ಒಟ್ಟಿಗೆ ನನಗೆ ಸಿಗಲಿಲ್ಲ. ಹಾಗಾಗಿ ಇದನ್ನು ಮಾರುವ ಮಾತೇ ಇಲ್ಲ. ರಿಪೇರಿ ಮಾಡಿಸಿಕೊಂಡು ಓಡಿಸಬೇಕು, ಅದಕ್ಕೆ ಏನು ಕೆಟ್ಟಿದೆ ಅಂತ ನಮಗೂ ಸ್ವಲ್ಪ ಗೊತ್ತಿರಬೇಕು.

ಕಿಟ್ ತರಿಸುವಂತೆ ಮಾಡಿದ ತೊಂದರೆ ಇದು. ಬೆಳಿಗ್ಗೆ ಕೀ ತಿರುಗಿಸಿದ ತಕ್ಷಣ ಸ್ಟಾರ್ಟ್ ಆಗುತ್ತಿದ್ದ ಗಾಡಿ, ಚೆನ್ನಾಗಿ ಓಡಿ ಬಿಸಿಯಾದ ಮೇಲೆ ಆಫ್ ಮಾಡಿದರೆ ಮತ್ತೆ ಸ್ಟಾರ್ಟ್ ಆಗುತ್ತಿರಲಿಲ್ಲ. ಸೆಲ್ಫ್ ಚೆನ್ನಾಗಿಯೇ ತಿರುಗುತ್ತಿತ್ತು. ಬ್ಯಾಟರಿ ಗಟ್ಟಿ. ಆದರೂ ಎಂಜಿನ್ ಹಿಡಿಯುತ್ತಿರಲಿಲ್ಲ. ಬಾನೆಟ್ ತೆಗೆದು ತಣ್ಣಗಾಗಲು ಬಿಟ್ಟರೆ ಏನೂ ಆಗಿಲ್ಲ ಅನ್ನುವ ಹಾಗೆ ಸ್ಟಾರ್ಟ್. ಅಮ್ಮನನ್ನು ಡಾಕ್ಟರ್ ಹತ್ತಿರ ಕರೆದುಕೊಂಡು ಹೋದಾಗ ಎಂಜಿನ್ ಆಫ್ ಮಾಡಲಿಕ್ಕೇ ಭಯ. ಒಂದು ವರ್ಕ್‌ಶಾಪ್‌ನಲ್ಲಿ ಬಾನೆಟ್ ಎತ್ತಿ ನೋಡಿ, ನಾಲ್ಕೂ ಇಂಜೆಕ್ಟರ್ ಹೋಗಿದೆ, ಪಂಪ್ ಕೂಡ ಹೋಗಿರಬಹುದು, ಎಲ್ಲ ಸೇರಿಸಿ ಬದಲಾಯಿಸೋಣ ಅಂದರು. ಅಳೆದು ನೋಡಿ ಹೇಳಿದ್ದಲ್ಲ. ಅಳೆಯದೆ ನಾಲ್ಕೂ ಹೋಗಿದೆ ಅಂತ ಹೇಗೆ ಗೊತ್ತಾಯಿತು ಅಂತ ಕೇಳಿದ್ದಕ್ಕೆ ಗಾಡಿ ಹಳೆಯದಲ್ವಾ ಅಂದರು. ಅದು ಉತ್ತರವೇ ಅಲ್ಲ.

ಇಲ್ಲಿ ಒಂದು ವಿಷಯ ಬಿಡಿಸಿ ಹೇಳಬೇಕು, ಯಾಕೆಂದರೆ ಈ ಕಿಟ್ ಕೆಲಸ ಮಾಡುವುದೇ ಅದರ ಮೇಲೆ. ಕಾಮನ್ ರೇಲ್ ಎಂಜಿನ್‌ನಲ್ಲಿ ಹೈ ಪ್ರೆಷರ್ ಪಂಪ್ ಡೀಸೆಲ್ ಅನ್ನು ಒತ್ತಿ ಒಂದು ದಪ್ಪ ಪೈಪಿನಲ್ಲಿ ತುಂಬಿಸಿಡುತ್ತದೆ. ಅದೇ ರೇಲ್. 1997ರಲ್ಲಿ ಕಾರುಗಳಿಗೆ ಬಂದ ಬಾಷ್ ಕಂಪನಿಯ ಮೊದಲ ಕಾಮನ್ ರೇಲ್‌ನಲ್ಲಿ ಈ ಒತ್ತಡ 1350 ಬಾರ್‌ವರೆಗೆ ಇತ್ತು. ಅದರ ನಂತರದ ಪೀಳಿಗೆ 1600 ಬಾರ್ ಮುಟ್ಟಿತು. ಸುಮ್ನೆ ನಿಂತು ಐಡ್ಲಿಂಗ್ ಆಗುವಾಗ ಸುಮಾರು 250ರಿಂದ 350 ಬಾರ್. ಇಂಜೆಕ್ಟರಿಗೆ ಬಂದ ಡೀಸೆಲ್ ಎಲ್ಲವೂ ಸಿಲಿಂಡರಿಗೆ ಹೋಗುವುದಿಲ್ಲ. ಒಳಗಿನ ಪುಟ್ಟ ವಾಲ್ವ್ ತೆರೆದಾಗ ಸೂಜಿ ಮೇಲೇಳುತ್ತದಲ್ಲ, ಆ ಕೆಲಸಕ್ಕೆ ಬಳಕೆಯಾದ ಸ್ವಲ್ಪ ಡೀಸೆಲ್ ರಿಟರ್ನ್ ಪೈಪಿನಲ್ಲಿ ಟ್ಯಾಂಕಿಗೆ ವಾಪಸ್ ಹೋಗುತ್ತದೆ. ಇದು ಸಹಜ.

ಆ ವಾಲ್ವ್ ಕೂರುವ ಜಾಗ ಸವೆದರೆ ವಾಪಸ್ ಹೋಗುವುದು ಜಾಸ್ತಿಯಾಗುತ್ತದೆ. ಓಡುವಾಗ ಪಂಪ್ ಜೋರಾಗಿ ತಿರುಗುತ್ತಿರುತ್ತದೆ, ಸೋರಿದ್ದನ್ನು ತುಂಬಿಕೊಡುತ್ತದೆ, ನಮಗೆ ಗೊತ್ತೇ ಆಗುವುದಿಲ್ಲ. ಸ್ಟಾರ್ಟ್ ಮಾಡುವಾಗ ಪಂಪ್ ತಿರುಗುವುದು ಸೆಲ್ಫಿನ ಬಲದಲ್ಲಿ, ನಿಧಾನವಾಗಿ. ಅದು ತುಂಬಿಸಿದ್ದೆಲ್ಲ ಸವೆದ ಇಂಜೆಕ್ಟರಿನಿಂದ ವಾಪಸ್ ಹೋದರೆ ರೇಲಿನಲ್ಲಿ ಒತ್ತಡ ಏರುವುದೇ ಇಲ್ಲ. ಬಹಳಷ್ಟು ಎಂಜಿನ್‌ಗಳಲ್ಲಿ 150ರಿಂದ 250 ಬಾರ್ ಒಳಗೆ ಒಂದು ಮಿತಿ ಇರುತ್ತದೆ. ಅಷ್ಟು ಏರುವ ತನಕ ಎಂಜಿನ್ನಿನ ಕಂಪ್ಯೂಟರ್ ಇಂಜೆಕ್ಟರನ್ನು ತೆರೆಯುವುದಿಲ್ಲ. ಬಿಸಿ ಡೀಸೆಲ್ ತೆಳು, ಇನ್ನೂ ಸುಲಭವಾಗಿ ನುಸುಳುತ್ತದೆ. ಅದಕ್ಕೇ ತಣ್ಣಗಿದ್ದಾಗ ಸ್ಟಾರ್ಟ್, ಬಿಸಿಯಾದಾಗ ಇಲ್ಲ.

ಸ್ಟಾರ್ಟಿಂಗ್ ತೊಂದರೆ ಅಂತ ಹೇಳುವವರಿಗೆ ನಾನು ಮೊದಲು ಕೇಳುವುದೇ ಇದು: ತಣ್ಣಗಿದ್ದಾಗಲೋ, ಬಿಸಿಯಾದಾಗಲೋ? ಬೆಳಿಗ್ಗೆ ಮಾತ್ರ ಕಷ್ಟಪಟ್ಟು, ಆಮೇಲೆ ದಿನವಿಡೀ ಚೆನ್ನಾಗಿ ಸ್ಟಾರ್ಟ್ ಆದರೆ ಹುಡುಕುವ ಜಾಗವೇ ಬೇರೆ. ಅದಕ್ಕೆ ಕೊನೆಯಲ್ಲಿ ಬರುತ್ತೇನೆ.

ಬಳಸುವ ಕ್ರಮ ಕಷ್ಟವಿಲ್ಲ. ಆದರೆ ವ್ಯಾನ್‌ಗಳ ಬಾನೆಟ್ ಚಿಕ್ಕದು, ಅರ್ಧ ಎಂಜಿನ್ ಗಾಜಿನ ಕೆಳಗೆ ಹೋಗಿ ಕೂತಿರುತ್ತದೆ. ನಮ್ಮದರಲ್ಲಿ ವೈಪರ್ ಕೆಳಗಿನ ಪ್ಲಾಸ್ಟಿಕ್ ಹೊದಿಕೆ ಬಿಚ್ಚದೆ ನಾಲ್ಕನೇ ಇಂಜೆಕ್ಟರಿಗೆ ಕೈ ಹೋಗುವುದಿಲ್ಲ. ಟೆಸ್ಟಿಗಿಂತ ಅದನ್ನು ಬಿಚ್ಚಿ ಹಾಕುವುದೇ ದೊಡ್ಡ ಕೆಲಸ. ಇಂಜೆಕ್ಟರಿನ ಸುತ್ತ ಬಿಚ್ಚುವ ಮೊದಲೇ ಬ್ರಷ್ ಹಾಕಿ ಚೊಕ್ಕ ಮಾಡಿಕೊಳ್ಳಿ. ಒಂದು ಕಣ ಮಣ್ಣು ರಿಟರ್ನ್ ತೂತಿನೊಳಗೆ ಬಿದ್ದರೂ ಹೊಸ ತೊಂದರೆ. ಆಮೇಲೆ ರಿಟರ್ನ್ ಪೈಪಿನ ಕ್ಲಿಪ್ ಎತ್ತಿ, ಪ್ರತಿ ಇಂಜೆಕ್ಟರಿನ ತಲೆಯಿಂದ ಪೈಪ್ ಬಿಡಿಸಿ, ಅದರ ಜಾಗದಲ್ಲಿ ಕಿಟ್ಟಿನ ಟ್ಯೂಬ್ ಸಿಕ್ಕಿಸಬೇಕು. ಬಿಡಿಸಿದ ಪೈಪಿನ ಬಾಯಿ ಮುಚ್ಚಬೇಕು, ಇಲ್ಲದಿದ್ದರೆ ಪಂಪಿನ ರಿಟರ್ನ್ ಅದರಿಂದ ಹೊರಗೆ ಬಂದು ಎಂಜಿನ್ ಮೇಲೆಲ್ಲ ಡೀಸೆಲ್ ಸುರಿಯಬಹುದು. ಮುಚ್ಚಲು ಬೇಕಾದ ಬಿರಡೆ ನನ್ನ ಕಿಟ್ಟಿನಲ್ಲಿ ಇರಲಿಲ್ಲ. ಇದು ಈ ಸಾಮಾನಿನ ಮೇಲೆ ನನ್ನ ಮೊದಲ ದೂರು. ಇಷ್ಟು ಮುಖ್ಯವಾದದ್ದನ್ನು ಬಿಟ್ಟು ನಮಗೆ ಬೇಕಾಗದ ಅಡಾಪ್ಟರ್ ತುಂಬಿಸಿಟ್ಟಿದ್ದಾರೆ.

ಟೆಸ್ಟ್ ಮಾಡಬೇಕಾದದ್ದು ಎಂಜಿನ್ ಬಿಸಿಯಿದ್ದಾಗ. ತಣ್ಣನೆ ಎಂಜಿನ್ ಮೇಲೆ ಮಾಡಿದರೆ ಸವೆದದ್ದೂ ಒಳ್ಳೆಯದರ ಹಾಗೆ ಕಾಣಬಹುದು. ನಾನು ಬಾಟಲಿ ಹಿಡಿದು ನಿಂತೆ, ತಮ್ಮ ಕೀ ತಿರುಗಿಸಿದ. ಅವತ್ತು ಹೇಗೋ ಕಷ್ಟಪಟ್ಟು ಸ್ಟಾರ್ಟ್ ಆಯಿತು. ಮೊದಲು ನಾಲ್ಕೂ ಟ್ಯೂಬಿನಲ್ಲಿ ಗುಳ್ಳೆ ಗುಳ್ಳೆಯಾಗಿ ಬಂತು, ಅದು ಖಾಲಿ ಟ್ಯೂಬಿನ ಗಾಳಿ. ಆಮೇಲೆ ಒಂದು, ಎರಡು, ನಾಲ್ಕನೇ ಬಾಟಲಿಗೆ ತೊಟ್ಟು ತೊಟ್ಟಾಗಿ ಬೀಳತೊಡಗಿತು. ಮೂರನೆಯದರಲ್ಲಿ ತೊಟ್ಟುಗಳೇ ಕಾಣಲಿಲ್ಲ. ಸಣ್ಣ ದಾರದ ಹಾಗೆ ಧಾರೆ ಕಟ್ಟಿ ಇಳಿಯುತ್ತಿತ್ತು. ತಮ್ಮ ಸೀಟಿನಿಂದ ಇಳಿದು ಬಂದು ಬಗ್ಗಿ ನೋಡಿ, "ಅಕ್ಕಾ, ಇದೊಂದೇ ಕಣೇ" ಅಂದ. ಎಂಜಿನ್ ಆಫ್ ಮಾಡಿದಾಗ ಉಳಿದ ಮೂರರಲ್ಲಿ 20ರಿಂದ 25 ಮಿಲಿಲೀಟರ್ ಇತ್ತು. ಮೂರನೆಯದು 70 ದಾಟಿತ್ತು.

ಎಷ್ಟು ಬಂದರೆ ಸರಿ ಅನ್ನೋದು ಪ್ರತಿ ಎಂಜಿನ್ನಿಗೂ ಬೇರೆ, ಅದನ್ನು ಆ ಗಾಡಿಯ ರಿಪೇರಿ ಕೈಪಿಡಿಯಲ್ಲಿ ನೋಡಬೇಕು. ಆದರೆ ನಾಲ್ಕನ್ನೂ ಅಕ್ಕಪಕ್ಕ ಇಟ್ಟು ಹೋಲಿಸಿದರೆ ಕೈಪಿಡಿ ಇಲ್ಲದೆಯೂ ಬಹಳಷ್ಟು ಗೊತ್ತಾಗುತ್ತದೆ. ಒಂದು ಮಾತ್ರ ಎರಡು ಮೂರು ಪಟ್ಟು ಇದ್ದರೆ ಕಳ್ಳ ಅದೇ. ನಾಲ್ಕೂ ಸಮವಾಗಿ, ಕಡಿಮೆ ಇದ್ದು, ಆದರೂ ಒತ್ತಡ ಏರದಿದ್ದರೆ ಇಂಜೆಕ್ಟರ್ ಬಿಟ್ಟುಬಿಡಿ. ಡೀಸೆಲ್ ಫಿಲ್ಟರ್, ಟ್ಯಾಂಕಿನ ಪಂಪ್, ಗಾಳಿ ನುಗ್ಗುವ ಜಾಗ, ಹೈ ಪ್ರೆಷರ್ ಪಂಪಿನ ಮೇಲಿರುವ ಕಂಟ್ರೋಲ್ ವಾಲ್ವ್ ಇವುಗಳ ಕಡೆ ಹೋಗಿ. ಈ ಕಿಟ್ಟಿನ ಅರ್ಧ ಉಪಯೋಗ ಇಂಜೆಕ್ಟರ್ ತಪ್ಪಿಲ್ಲ ಅಂತ ತೋರಿಸುವುದರಲ್ಲೇ ಇದೆ. ಏನೂ ಆಗದ ಇಂಜೆಕ್ಟರ್ ಬಿಚ್ಚಿ ಎಸೆಯುವುದು ತಪ್ಪುತ್ತದಲ್ಲ.

ಗಾಡಿ ಸ್ಟಾರ್ಟೇ ಆಗದಿದ್ದರೂ ಟೆಸ್ಟ್ ಮಾಡಬಹುದು. ಸುಮ್ನೆ ಸೆಲ್ಫ್ ಹೊಡೆದರೆ ಸಾಕು. ಒಳ್ಳೆಯ ಇಂಜೆಕ್ಟರಿನಿಂದ ಅಷ್ಟರಲ್ಲಿ ಹೆಚ್ಚುಕಡಿಮೆ ಏನೂ ಬರುವುದಿಲ್ಲ, ಸವೆದದ್ದರಿಂದ ಬರುತ್ತದೆ. ಒಂದೇ ಸಮನೆ ಹತ್ತು ಸೆಕೆಂಡಿಗಿಂತ ಜಾಸ್ತಿ ಸೆಲ್ಫ್ ಹೊಡೆಯಬೇಡಿ, ಮಧ್ಯೆ ಮೋಟರ್ ಆರಲಿ.

ಒಂದು ಎಚ್ಚರಿಕೆ ದಯವಿಟ್ಟು ಗಮನವಿಟ್ಟು ಓದಿ. ಬಿಚ್ಚಬೇಕಾದದ್ದು ರಿಟರ್ನ್ ಪೈಪ್ ಮಾತ್ರ. ರೇಲಿನಿಂದ ಇಂಜೆಕ್ಟರಿಗೆ ಬರುವ ಕಬ್ಬಿಣದ ಪೈಪಿನ ನಟ್ಟನ್ನು ಎಂಜಿನ್ ಓಡುವಾಗ ಯಾವ ಕಾರಣಕ್ಕೂ ಸಡಿಲ ಮಾಡಬಾರದು. ಹಳೇ ಕಾಲದ ಪಂಪಿನ ಎಂಜಿನ್‌ಗಳಲ್ಲಿ ಒಂದೊಂದೇ ನಟ್ ಸಡಿಲಿಸಿ ಯಾವ ಸಿಲಿಂಡರ್ ಮಿಸ್ ಹೊಡೆಯುತ್ತಿದೆ ಅಂತ ನೋಡುತ್ತಿದ್ದರು. ಆ ಅಭ್ಯಾಸ ಇರುವ ಹಿರಿಯ ಮೆಕ್ಯಾನಿಕ್‌ಗಳು ಇಲ್ಲೂ ಅದನ್ನೇ ಮಾಡಲು ಹೋಗುತ್ತಾರೆ, ತಡೆಯಿರಿ. ಈ ಒತ್ತಡದಲ್ಲಿ ಚಿಮ್ಮುವ ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತದೆ. ಹೊರಗೆ ಸೂಜಿ ಚುಚ್ಚಿದಷ್ಟೇ ಗಾಯ ಕಾಣುತ್ತದೆ, ಒಳಗೆ ಮಾಂಸ ಕೊಳೆಯುತ್ತದೆ. ಹಾಗಾದರೆ ನೋವು ಇರಲಿ ಬಿಡಲಿ, ತಕ್ಷಣ ಆಸ್ಪತ್ರೆಗೆ ಹೋಗಬೇಕು. ಸೋರಿಕೆ ಹುಡುಕಲು ಬೆರಳು ಆಡಿಸಲೂ ಬೇಡಿ, ರಟ್ಟಿನ ತುಂಡು ಹಿಡಿಯಿರಿ.

ಮೂರನೇ ಇಂಜೆಕ್ಟರನ್ನು ಡೀಸೆಲ್ ಪಂಪ್, ಇಂಜೆಕ್ಟರ್ ರಿಪೇರಿ ಮಾಡುವವರ ಹತ್ತಿರ ಕೊಟ್ಟು ಬೆಂಚಿನ ಮೇಲೆ ಟೆಸ್ಟ್ ಮಾಡಿಸಿದೆವು. ವಾಲ್ವ್ ಕೂರುವ ಜಾಗ ಸವೆದಿತ್ತು. ಅದೊಂದನ್ನೇ ಸರಿ ಮಾಡಿಸಿ, ಕೆಳಗೆ ಹೊಸ ತಾಮ್ರದ ವಾಷರ್ ಹಾಕಿ ಕೂರಿಸಿದ ಮೇಲೆ ಬಿಸಿ ಸ್ಟಾರ್ಟಿಂಗ್ ತೊಂದರೆ ಹೋಯಿತು. ಈ ವಾಷರ್ ಬಗ್ಗೆ ಎರಡು ಮಾತು. ಹಳೆಯದನ್ನೇ ಮತ್ತೆ ಹಾಕಬಾರದು. ಅದು ಕೂರುವ ಜಾಗದ ಮಸಿಯನ್ನು ಪೂರ್ತಿ ಕೆರೆದು ತೆಗೆಯಬೇಕು. ಇಲ್ಲದಿದ್ದರೆ ಸಿಲಿಂಡರಿನ ಬಿಸಿ ಗಾಳಿ ಸಂದಿಯಲ್ಲಿ ಮೇಲೆ ಬರುತ್ತದೆ, ಎಂಜಿನ್ ಛಕ್ ಛಕ್ ಅನ್ನುತ್ತದೆ, ಇಂಜೆಕ್ಟರಿನ ಸುತ್ತ ಡಾಂಬರಿನಂಥ ಕರಿ ಗಟ್ಟಿಯಾಗುತ್ತದೆ. ಹಾಗೆ ಬಿಟ್ಟರೆ ಮುಂದೆ ಇಂಜೆಕ್ಟರ್ ಬಿಚ್ಚುವುದೇ ದೊಡ್ಡ ಯುದ್ಧ. ಬಾನೆಟ್ ತೆಗೆದಾಗಲೆಲ್ಲ ಇಂಜೆಕ್ಟರ್ ಬುಡದಲ್ಲಿ ಕರಿ ಇದೆಯಾ ಅಂತ ನೋಡುವುದು ಒಳ್ಳೆಯದು.

ಇನ್ನೊಂದು. ಇಂಜೆಕ್ಟರ್ ಹೊಸದು ಹಾಕಿದರೆ ಅದರ ಮೈಮೇಲಿನ ಅಕ್ಷರ, ಅಂಕಿಗಳ ಕೋಡನ್ನು ಬಹಳಷ್ಟು ಗಾಡಿಗಳಲ್ಲಿ ಕಂಪ್ಯೂಟರಿಗೆ ತುಂಬಬೇಕು. ಮನೆಯಲ್ಲಿರುವ ಚಿಕ್ಕ ರೀಡರಿನಿಂದ ಅದು ಆಗುವುದಿಲ್ಲ. ಹಾಕುವ ಮೊದಲೇ ಕೋಡಿನ ಫೋಟೋ ತೆಗೆದಿಟ್ಟುಕೊಳ್ಳಿ, ಕೂರಿಸಿದ ಮೇಲೆ ಕಾಣದೇ ಹೋಗಬಹುದು.

ಈಗ ಕಿಟ್ಟಿನ ಮಿತಿಗಳು. ಇದು ಅಳೆಯುವುದು ಒಳಗಿನ ಸೋರಿಕೆಯನ್ನು ಮಾತ್ರ. ನೋಝಲ್ ತುದಿಯಲ್ಲಿ ಡೀಸೆಲ್ ಮಂಜಿನ ಹಾಗೆ ಸಿಂಪಡಣೆಯಾಗದೆ ಹನಿಹನಿಯಾಗಿ ಬೀಳುತ್ತಿದ್ದರೆ ಬಾಟಲಿಗೆ ಅದು ಗೊತ್ತಾಗುವುದಿಲ್ಲ. ಎಂಜಿನ್ ಬಡಿಯುತ್ತದೆ, ಹೊಗೆ ಬರುತ್ತದೆ, ಬಾಟಲಿಗಳು ಮಾತ್ರ ಸಮ. ಅಂಥದ್ದಕ್ಕೆ ಬೆಂಚ್ ಟೆಸ್ಟೇ ಬೇಕು. ಪೀಜೋ ಇಂಜೆಕ್ಟರ್ (ಕರೆಂಟು ಕೊಟ್ಟಾಗ ಉಬ್ಬುವ ಹರಳಿನಿಂದ ಕೆಲಸ ಮಾಡುವಂಥದ್ದು) ಇರುವ ಎಂಜಿನ್ನಿಗೆ ಈ ಕಿಟ್ ತರಬೇಡಿ. ಬಾಷ್ ಪೀಜೋಗಳಿಗೆ ರಿಟರ್ನ್ ಪೈಪಿನಲ್ಲಿ ಸುಮಾರು 10 ಬಾರ್ ಒತ್ತಡ ಇದ್ದರೇನೇ ಕೆಲಸ. ತೆರೆದ ಬಾಟಲಿಗೆ ಬಿಟ್ಟರೆ ಎಂಜಿನ್ ಸರಿಯಾಗಿ ಓಡುವುದಿಲ್ಲ, ಓದಿದ ಅಳತೆಗೆ ಅರ್ಥವೂ ಇಲ್ಲ. ಅವುಗಳ ಕರೆಂಟಿನ ಒತ್ತಡವೂ 100 ವೋಲ್ಟ್ ದಾಟುತ್ತದೆ, ಓಡುವಾಗ ಪ್ಲಗ್ ಕೀಳಬಾರದು. ಇನ್ನು ಕೆಲವು ಎಂಜಿನ್‌ಗಳಲ್ಲಿ ರಿಟರ್ನ್ ದಾರಿ ವಾಲ್ವ್ ಕವರಿನ ಒಳಗೇ ಇರುತ್ತದೆ, ಅಲ್ಲಿ ಟ್ಯೂಬ್ ಸಿಕ್ಕಿಸಲು ಜಾಗವೇ ಇಲ್ಲ.

ಗುಣಮಟ್ಟ ಹೇಗಿದೆ? ಬಾಟಲಿ ಗಟ್ಟಿ. ಆದರೆ ಗೆರೆಗಳನ್ನು ಮೇಲೆ ಪ್ರಿಂಟ್ ಮಾಡಿದ್ದಾರೆ, ಅಚ್ಚು ಒತ್ತಿಲ್ಲ. ಡೀಸೆಲ್ ಕೈಯಲ್ಲಿ ಮುಟ್ಟಿ ಮುಟ್ಟಿ ಎರಡು ಬಾಟಲಿಯಲ್ಲಿ ಗೆರೆ ಅಳಿಸಿಹೋಗಿದೆ. ಮೊಳೆಯಿಂದ ಗೀರಿ, ಪೆನ್ನಿನ ಮಸಿ ತುಂಬಿಸಿ ಬಳಸುತ್ತಿದ್ದೇನೆ. ಟ್ಯೂಬ್ ಮೊದಲು ಮೃದುವಾಗಿತ್ತು, ಡೀಸೆಲ್ ಕುಡಿದು ಈಗ ಹಳದಿಯಾಗಿ ಸೆಡೆತಿದೆ. ಸೆಡೆತ ಟ್ಯೂಬ್ ಅಡಾಪ್ಟರಿನ ಮೇಲೆ ಬಿಗಿಯಾಗಿ ಕೂರುವುದಿಲ್ಲ, ಪಕ್ಕದಲ್ಲಿ ಜಿನುಗುತ್ತದೆ, ಅಳತೆ ಕಡಿಮೆ ತೋರುತ್ತದೆ. ಹಾಗಾಗಿ ಟೆಸ್ಟ್ ಮುಗಿದ ಮೇಲೆ ಟ್ಯೂಬಿನಲ್ಲಿ ಡೀಸೆಲ್ ಉಳಿಯದಂತೆ ಊದಿ, ಒರೆಸಿ, ಸುರುಳಿ ಸುತ್ತದೆ ನೇರವಾಗಿ ಇಡಿ. ಅಡಾಪ್ಟರ್‌ಗಳು ಮಾತ್ರ ಅಚ್ಚುಕಟ್ಟು. ನಮ್ಮ ಬಾಷ್ ಇಂಜೆಕ್ಟರಿಗೆ ಟಕ್ ಅಂತ ಕೂರುತ್ತವೆ, ಎಳೆದರೂ ಬರುವುದಿಲ್ಲ. ಕೊಕ್ಕೆ ದುರ್ಬಲ, ನಾಲ್ಕು ಬಾಟಲಿ ತುಂಬಿದರೆ ಬಾಗುತ್ತದೆ. ನಾನು ಅದನ್ನು ಬಿಟ್ಟು ತಂತಿ ಕಟ್ಟಿದ್ದೇನೆ.

ಜೊತೆಗಿರುವ ಹಾಳೆಯಲ್ಲಿ ಚಿತ್ರ ಬಿಟ್ಟರೆ ಏನಿಲ್ಲ. ಬಿಸಿ ಎಂಜಿನ್ ಮೇಲೆ ಮಾಡಿ ಅಂತಲೂ ಇಲ್ಲ, ಕಬ್ಬಿಣದ ಪೈಪ್ ಮುಟ್ಟಬೇಡಿ ಅಂತಲೂ ಇಲ್ಲ. ಇದು ನಿಜಕ್ಕೂ ಬೇಸರದ ವಿಷಯ. ಹೊಸಬರು ತಗೊಂಡು ತಪ್ಪು ಪೈಪ್ ಬಿಚ್ಚಿದರೆ ಗತಿ ಏನು?

ಕಿಟ್ಟಿನ ಜೊತೆ ಒಂದು ಕೋಡ್ ರೀಡರ್ ಇದ್ದರೆ ಎರಡೂ ಸೇರಿ ಚೆನ್ನಾಗಿ ಕೆಲಸ ಮಾಡುತ್ತವೆ. ನನ್ನ ಹತ್ತಿರ ಇರುವುದು ಮೊಬೈಲಿಗೆ ಬ್ಲೂಟೂತ್‌ನಲ್ಲಿ ಸೇರುವ ಸಣ್ಣದು. ಕೋಡ್‌ಗಿಂತ ಜಾಸ್ತಿ ಉಪಯೋಗ ಅದರ ಲೈವ್ ಡೇಟಾದಲ್ಲಿ. ಸೆಲ್ಫ್ ಹೊಡೆಯುವಾಗ ರೇಲ್ ಪ್ರೆಷರ್ ಎಷ್ಟು ಏರುತ್ತದೆ ಅಂತ ಕಣ್ಣೆದುರೇ ನೋಡಬಹುದು. ನಮ್ಮ ಗಾಡಿ ಬಿಸಿಯಿದ್ದಾಗ 120 ಬಾರ್ ಹತ್ತಿರ ಬಂದು ನಿಂತುಬಿಡುತ್ತಿತ್ತು. ಕೆಲವು ಆ್ಯಪ್‌ಗಳು ಇದನ್ನು ಕಿಲೋಪ್ಯಾಸ್ಕಲ್‌ನಲ್ಲಿ ತೋರಿಸುತ್ತವೆ, 30,000 ಅಂತ ಕಂಡರೆ ಗಾಬರಿಯಾಗಬೇಡಿ. 100ರಿಂದ ಭಾಗಿಸಿ, 300 ಬಾರ್. ಪಿ0087 ಅಂತ ಕೋಡ್ ಬಂದರೆ ರೇಲ್ ಒತ್ತಡ ಕಡಿಮೆ ಅಂತ ಅರ್ಥ, ಅಷ್ಟೇ. ಪಂಪ್ ಬದಲಾಯಿಸು ಅಂತ ಅದು ಹೇಳುತ್ತಿಲ್ಲ. ಒತ್ತಡ ಎಲ್ಲಿ ಹೋಯಿತು ಅಂತ ಹುಡುಕುವುದಕ್ಕೇ ಬಾಟಲಿ ಬೇಕಾದದ್ದು. ತೀರ ಹಳೆಯ ವ್ಯಾನ್‌ಗಳಲ್ಲಿ 16 ಪಿನ್ನಿನ ಸಾಕೆಟ್ ಇದ್ದರೂ ಈ ರೀಡರ್‌ಗಳ ಜೊತೆ ಮಾತಾಡದಿರಬಹುದು. ಯುರೋಪಿನಲ್ಲೇ ಡೀಸೆಲ್ ಕಾರುಗಳಿಗೆ ಈ ರೀಡರ್ ಓದುವ ಒಬಿಡಿ ಪದ್ಧತಿ ಕಡ್ಡಾಯವಾಗಿದ್ದು 2003ರ ನಂತರ. ರೀಡರಿನ ದೀಪವೇ ಹತ್ತದಿದ್ದರೆ ಸಿಗರೇಟ್ ಲೈಟರಿನ ಫ್ಯೂಸ್ ನೋಡಿ, ಎಷ್ಟೋ ಗಾಡಿಗಳಲ್ಲಿ ಎರಡಕ್ಕೂ ಅದೊಂದೇ.

ಪಿ0299 ಬಂದರೆ ಟರ್ಬೊ, ಅಂದರೆ ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಭಾಗ, ಕೊಡುವ ಒತ್ತಡ ಕಡಿಮೆ ಅಂತ. ಪಿಕಪ್ ಹೋಗುತ್ತದೆ, ಏರಿನಲ್ಲಿ ಗಾಡಿ ಎಳೆಯುವುದಿಲ್ಲ. ಇಲ್ಲೂ ಮೊದಲು ಟರ್ಬೊ ಬಿಚ್ಚುವುದಲ್ಲ. ನಮ್ಮ ವ್ಯಾನಿನಲ್ಲಿ ಸಿಕ್ಕಿದ್ದು ಟರ್ಬೊವನ್ನು ನಿಯಂತ್ರಿಸುವ, ಬೆರಳು ದಪ್ಪವೂ ಇಲ್ಲದ ಒಂದು ವ್ಯಾಕ್ಯೂಮ್ ಪೈಪಿನ ಬಿರುಕು. ಮೇಲೆ ಬಟ್ಟೆಯ ಹೆಣಿಗೆ ಇರುವ ರಬ್ಬರ್ ಪೈಪ್ ಅದು. ಹೆಣಿಗೆ ಸರಿಯಾಗಿಯೇ ಕಾಣುತ್ತದೆ. ಎಕ್ಸಾಸ್ಟಿನ ಶಾಖ ತಗಲುವ ಕಡೆ ಮಡಚಿ ಹಿಡಿದಾಗ ಮಾತ್ರ ಹೆಣಿಗೆಯ ಎಳೆಗಳ ನಡುವೆ ರಬ್ಬರ್ ಒಡೆದು ಬಾಯಿ ಬಿಟ್ಟಿದ್ದು ಕಂಡಿತು. ಕೈಯಲ್ಲಿ ಒತ್ತುವ ಸಣ್ಣ ವ್ಯಾಕ್ಯೂಮ್ ಪಂಪ್ ಇದ್ದರೆ ಹುಡುಕುವುದು ಸುಲಭ. ಟರ್ಬೊ ಮೇಲಿನ ಡಬ್ಬಿಗೆ ಸಿಕ್ಕಿಸಿ ಎಳೆಯಿರಿ. ಅದರ ಕಡ್ಡಿ ತಡವರಿಸದೆ ಸರಾಗ ಚಲಿಸಬೇಕು, ಪಂಪಿನ ಮೀಟರಿನ ಮುಳ್ಳು ಇಳಿಯದೆ ನಿಲ್ಲಬೇಕು. ಕಡ್ಡಿ ಅರ್ಧಕ್ಕೆ ಸಿಕ್ಕಿಕೊಂಡರೆ ಟರ್ಬೊ ಒಳಗಿನ ರೆಕ್ಕೆಗಳಿಗೆ ಮಸಿ ಹಿಡಿದಿದೆ ಅಂತ. ಕಪ್ಪು ಹೊಗೆಯ ಜೊತೆ ಸುಸ್ ಅಂತ ಶಬ್ದ ಬಂದರೆ ಟರ್ಬೊ ಗಾಳಿಯನ್ನು ತಣ್ಣಗೆ ಮಾಡುವ ಇಂಟರ್‌ಕೂಲರ್ ಹೋಸ್ ಹರಿದಿರಬಹುದು, ಅದರ ಮೇಲೆ ಎಣ್ಣೆ ಪಸೆ ಕಾಣುತ್ತದೆ.

ಹೊಗೆಯ ಒಂದು ಪಾಲನ್ನು ಮತ್ತೆ ಎಂಜಿನ್ನಿಗೇ ಬಿಡುವ ಇಜಿಆರ್ ವಾಲ್ವ್ ಬಗ್ಗೆ ಹೆಚ್ಚೇನಿಲ್ಲ. ಮಸಿ ಕಟ್ಟಿ ತೆರೆದೇ ಉಳಿದರೆ ಕಪ್ಪು ಹೊಗೆ, ಪಿಕಪ್ ಕಡಿಮೆ. ಬಿಚ್ಚಿ ಹೊರಗೆ ತೆಗೆದು ತೊಳೆಯಿರಿ. ಓಡುತ್ತಿರುವ ಡೀಸೆಲ್ ಎಂಜಿನ್ನಿನ ಗಾಳಿ ಪೈಪಿಗೆ ಕ್ಲೀನರ್ ಸ್ಪ್ರೇ ಹೊಡೆಯಬೇಡಿ. ಎಂಜಿನ್ ಅದನ್ನೇ ಇಂಧನವಾಗಿ ಕುಡಿದು ಹಿಡಿತಕ್ಕೆ ಸಿಗದೆ ಓಡಬಹುದು, ಕೀ ತೆಗೆದರೂ ನಿಲ್ಲದಿರಬಹುದು.

ಬೆಳಿಗ್ಗೆ ಮಾತ್ರ ಸ್ಟಾರ್ಟ್ ಆಗದ ಗಾಡಿಯ ವಿಷಯಕ್ಕೆ ಬರುತ್ತೇನೆ ಅಂದಿದ್ದೆ. ಅಲ್ಲಿ ಮೂರು ಕಡೆ ನೋಡಬೇಕು. ಮೊದಲನೆಯದು ತಣ್ಣನೆ ಸಿಲಿಂಡರಿನ ಒಳಗೆ ಬಿಸಿ ಮಾಡುವ ಹೀಟರ್ ಪ್ಲಗ್. ತಂತಿ ಬಿಡಿಸಿ, ಮಲ್ಟಿಮೀಟರ್‌ನಲ್ಲಿ ಪ್ಲಗ್ ತುದಿಗೂ ಎಂಜಿನ್ ಮೈಗೂ ಹಿಡಿದರೆ ಸಾಮಾನ್ಯವಾಗಿ 0.5ರಿಂದ 2 ಓಮ್ ತೋರಬೇಕು. ಏನೂ ತೋರದಿದ್ದರೆ ಸುಟ್ಟಿದೆ. ಒಂದು ಸುಟ್ಟರೆ ಚಳಿಯಲ್ಲಿ ಬಿಳಿ ಹೊಗೆ, ಸ್ವಲ್ಪ ಹೊತ್ತು ನಡುಕ. ಬಿಚ್ಚುವಾಗ ಬಹಳ ಜೋಪಾನ. ಎಂಜಿನ್ ಬಿಸಿ ಮಾಡಿ, ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು, ನಿಧಾನವಾಗಿ ಹಿಂದೆ ಮುಂದೆ ತಿರುಗಿಸಿ. ಬಲ ಹಾಕಿದರೆ ಮುರಿದು ಹೆಡ್ಡಿನಲ್ಲೇ ಉಳಿಯುತ್ತದೆ.

ಎರಡನೆಯದು ಗಾಳಿ. ಡೀಸೆಲ್ ಫಿಲ್ಟರಿನ ಸೀಲ್ ಅಥವಾ ಪೈಪ್ ಜಾಯಿಂಟಿನ ಓ ರಿಂಗ್ ಒಣಗಿದರೆ ರಾತ್ರಿಯಿಡೀ ಡೀಸೆಲ್ ಟ್ಯಾಂಕಿನ ಕಡೆ ಇಳಿದು ಪೈಪಿನಲ್ಲಿ ಗಾಳಿ ತುಂಬುತ್ತದೆ. ಹೊರಗೆ ಒಂದು ತೊಟ್ಟೂ ಸೋರುವುದಿಲ್ಲ, ಅದಕ್ಕೇ ಸಿಗುವುದು ಕಷ್ಟ. ಇಲ್ಲಿ ಕಿಟ್ಟಿನದೇ ಒಂದು ಟ್ಯೂಬ್ ಕೆಲಸಕ್ಕೆ ಬರುತ್ತದೆ. ಅಳತೆ ಸರಿಹೊಂದಿದರೆ ಫಿಲ್ಟರ್ ಮತ್ತು ಪಂಪಿನ ನಡುವಿನ ಕಡಿಮೆ ಒತ್ತಡದ ಪೈಪಿಗೆ ಅದನ್ನು ಕ್ಲಿಪ್ ಹಾಕಿ ಜೋಡಿಸಿ, ರಾತ್ರಿ ಬಿಟ್ಟು ಬೆಳಿಗ್ಗೆ ನೋಡಿ. ಗುಳ್ಳೆ ಕಂಡರೆ ಗಾಳಿ ಬರುವ ಜಾಗ ಅದಕ್ಕಿಂತ ಹಿಂದೆ, ಟ್ಯಾಂಕಿನ ಕಡೆ ಇದೆ. ಟೆಸ್ಟ್ ಮುಗಿದ ಮೇಲೆ ಟ್ಯೂಬ್ ತೆಗೆದು ಗಾಡಿಯ ಪೈಪನ್ನೇ ಹಾಕಬೇಕು. ಫಿಲ್ಟರಿನ ತಳದ ಸ್ಕ್ರೂ ಬಿಚ್ಚಿ ನೀರನ್ನೂ ಒಂದು ಗಾಜಿನ ಸೀಸೆಗೆ ಇಳಿಸಿ ನೋಡಿ. ನೀರು ಕೆಳಗೆ ಬೇರೆಯಾಗಿ ನಿಲ್ಲುತ್ತದೆ.

ಮೂರನೆಯದನ್ನು ಬಹಳ ಜನ ಮರೆಯುತ್ತಾರೆ, ಅದು ಅರ್ತಿಂಗ್. ಸೆಲ್ಫ್ ಹೊಡೆಯುವಾಗ ಮಲ್ಟಿಮೀಟರಿನ ಒಂದು ಕಡ್ಡಿ ಬ್ಯಾಟರಿಯ ಮೈನಸ್‌ಗೆ, ಇನ್ನೊಂದು ಎಂಜಿನ್ನಿನ ಬರಿ ಕಬ್ಬಿಣಕ್ಕೆ ಹಿಡಿಯಿರಿ. 0.3 ವೋಲ್ಟಿಗಿಂತ ಬಹಳ ಜಾಸ್ತಿ ಬಂದರೆ ಗೇರ್‌ಬಾಕ್ಸಿನಿಂದ ಗಾಡಿಯ ಮೈಗೆ ಹೋಗುವ ಅರ್ತ್ ಪಟ್ಟಿ ತೆಗೆದು ನೋಡಿ. ಬೋಲ್ಟಿನ ಕೆಳಗೆ ತುಕ್ಕು, ಹಸಿರು ಪಾಚಿಯಂಥದ್ದು ಕಟ್ಟಿರುತ್ತದೆ. ಸೆಲ್ಫ್ ನಿಧಾನವಾಗಿ ತಿರುಗಿದರೆ ಪಂಪೂ ನಿಧಾನ, ಒತ್ತಡ ಏರುವುದಿಲ್ಲ. ಇಂಜೆಕ್ಟರ್ ಮೇಲೆ ಅನುಮಾನ ಬರುವುದು ಆಗಲೇ. ಬಾಟಲಿ ಕಟ್ಟುವ ಮೊದಲು ಇದನ್ನು ನೋಡಿಕೊಂಡರೆ ಒಳ್ಳೆಯದು.

ಈ ಯಾವ ಸಾಮಾನಿಗೂ ಸಿಗದ ವ್ಯಾನಿನದೇ ತೊಂದರೆಗಳು ಕೆಲವು ಇವೆ. ಹಿಂದಿನ ಸೀಟಿಗೆ ಹೀಟರ್ ಇರುವ ವ್ಯಾನ್‌ಗಳಲ್ಲಿ ಕೂಲೆಂಟ್ ಪೈಪ್ ನೆಲದ ಅಡಿಯಲ್ಲಿ ಹಿಂದಕ್ಕೆ ಹೋಗುತ್ತದೆ. ಅದು ತುಕ್ಕು ಹಿಡಿದು ಸೋರಿದರೆ ಬಾನೆಟ್ ಒಳಗೆ ಎಲ್ಲೂ ಕಾಣುವುದಿಲ್ಲ, ಕೂಲೆಂಟ್ ಮಾತ್ರ ಕಡಿಮೆಯಾಗುತ್ತಿರುತ್ತದೆ. ಹೆಡ್ ಗ್ಯಾಸ್ಕೆಟ್ ಹೋಗಿದೆ ಅನ್ನುವವರ ಮಾತು ಕೇಳುವ ಮೊದಲು ಗಾಡಿ ಎತ್ತಿಸಿ ಕೆಳಗೆ ಟಾರ್ಚ್ ಬಿಟ್ಟು ನೋಡಿ. ಸ್ಲೈಡಿಂಗ್ ಬಾಗಿಲಿನ ತಂತಿಗಳೂ ಬಾಗಿ ಬಾಗಿ ಒಳಗೇ ತುಂಡಾಗುತ್ತವೆ. ಟೈಮಿಂಗ್ ಬೆಲ್ಟ್ ಮಾತ್ರ ಕೆಡುವ ತನಕ ಕಾಯಬೇಡಿ. ಕಡಿಮೆ ಓಡಿದ್ದರೂ ಕೈಪಿಡಿಯಲ್ಲಿ ಹೇಳಿದಷ್ಟು ವರ್ಷಕ್ಕೆ ಬದಲಾಯಿಸಿಬಿಡಿ.

ಕಿಟ್ ತಗೊಳ್ಳುವವರು ಮೊದಲು ತಮ್ಮ ಇಂಜೆಕ್ಟರಿನ ತಲೆ ಮೇಲೆ ಟಾರ್ಚ್ ಬಿಟ್ಟು ಕಂಪನಿಯ ಹೆಸರು, ನಂಬರ್ ಓದಿಕೊಳ್ಳಿ. ಬಾಷ್, ಡೆಲ್ಫಿ, ಡೆನ್ಸೊ ಎಲ್ಲದರ ರಿಟರ್ನ್ ಬಾಯಿ ಒಂದೇ ಥರ ಇರುವುದಿಲ್ಲ. ನಿಮ್ಮದಕ್ಕೆ ಕೂರುವ ಅಡಾಪ್ಟರ್ ಎಂಜಿನ್ನಿನ ಸಿಲಿಂಡರಿನಷ್ಟೇ ಇದೆಯಾ ಅಂತ ಎಣಿಸಿ ತಗೊಳ್ಳಿ. ಬಾಟಲಿಯ ಗೆರೆ ಅಚ್ಚು ಒತ್ತಿದ್ದು ಸಿಕ್ಕರೆ ಅದೇ ಇರಲಿ. ಬಿರಡೆ ಮತ್ತು ಒಂದಷ್ಟು ಹೊಸ ರಿಟರ್ನ್ ಕ್ಲಿಪ್‌ಗಳನ್ನು ಜೊತೆಗೇ ತರಿಸಿಕೊಳ್ಳಿ, ಹಳೆ ಕ್ಲಿಪ್ ಎತ್ತುವಾಗ ಮುರಿಯುವ ಸಾಧ್ಯತೆ ಜಾಸ್ತಿ.